ವಾಕರ್ ಸಾಹೇಬರ ಹೆಸರು, ನನ್ನ ಹೆಸರು

ಕಳೆದ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದ ಇಂಗ್ಲಿಷ್ ಸಾಹೇಬರು ಅರ್ಧದಲ್ಲೇ ಎದ್ದು, ಕಾರ್ಪೆಟ್ ಮೇಲೆ ಧಪಧಪ ಅಂತ ಕಾಲಲ್ಲಿ ತುಳಿಯತೊಡಗಿದರು. ಕುಡಿದಿರಲಿಲ್ಲ (ಇದು ಕತಾರ್, ಅದೂ ನನ್ನ ಮನೆ). ತಮ್ಮ ವಂಶದ ಕಥೆ ಹೇಳುತ್ತಿದ್ದರು, ಅಷ್ಟೇ.

ವಾಕರ್ ಅಂತ ಅವರ ಹೆಸರು. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ನನ್ನ ಮ್ಯಾನೇಜರ್. ನೀರ್ ದೋಸೆ, ಕೋಳಿ ಸುಕ್ಕ ತಿನ್ನಬೇಕು ಅಂತ ವರ್ಷದಿಂದ ಹೇಳುತ್ತಿದ್ದರು. ಊರಿನಿಂದ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರಲ್ಲ, ಯಲ್ಲಾ ಬನ್ನಿ ಸರ್ ಅಂತ ಅಲ್ ವಕ್ರಾದ ನಮ್ಮ ಫ್ಲ್ಯಾಟಿಗೆ ಕರೆದೆ.

ಮಗಳಿಗೆ ಸ್ಕೂಲಿನಲ್ಲಿ ಸರ್‌ನೇಮ್ ಬಗ್ಗೆ ಪ್ರಾಜೆಕ್ಟ್. ಬಿಟ್ಟಾಳೆಯೇ? "ಅಂಕಲ್, ವಾಕರ್ ಅಂದ್ರೆ ಏನು?" ಎಂದು ಕೇಳಿಯೇಬಿಟ್ಟಳು.

ಹಿಂದೆ ಅವರ ಕಡೆ ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹಳಸಿದ ಮೂತ್ರ ಸುರಿದು, ಕಾಲಲ್ಲಿ ತುಳಿದು ತುಳಿದು ಜಿಡ್ಡು ತೆಗೆಯುತ್ತಿದ್ದರಂತೆ. ಆ ಕೆಲಸದವರೇ ವಾಕರ್‌ಗಳು. ಕೆಲವು ಕಡೆ ಫುಲ್ಲರ್, ಟಕ್ಕರ್ ಅಂದರೂ ಅವರೇ. ಹೇಳಿ ಸುಮ್ಮನಾಗದೆ ತುಳಿದೂ ತೋರಿಸಿದರು. ಒಂದಿಷ್ಟಾದರೂ ನಾಚಿಕೆ? ಊಹೂಂ! ಕಮ್ಮಾರರ ವಂಶದ ಸ್ಮಿತ್, ದರ್ಜಿಗಳ ವಂಶದ ಟೇಲರ್ ನಮ್ಮ ಆಫೀಸಿನಲ್ಲೇ ಇದ್ದಾರೆ. ನಾವೆಲ್ಲ 'ಸರ್' ಸೇರಿಸಿಯೇ ಕರೆಯುತ್ತೇವೆ.

"ಪಪ್ಪಾ, ನಮ್ಮದು?" ಅಂದಳು ಮಗಳು.

ನಮ್ಮದು ನಡುಬೈಲ್. ಪಾಸ್‌ಪೋರ್ಟಿನಲ್ಲಿ ಹಾಗಿದೆ. ನಿಜ ಹೇಳಲೇ? ನಾವು ಮಡಿವಾಳರು. ಹೆರಿಗೆ ಮನೆಯ ಬಟ್ಟೆ, ಸಾವಿನ ಮನೆಯ ಬಟ್ಟೆ ಎಲ್ಲ ಅಮ್ಮನ ತಲೆಯ ಮೇಲೆ ಹೊಳೆಗೆ ಹೋಗುತ್ತಿತ್ತು. ಹಾಗೆ ಒಗೆದೇ ಅವರು ನನ್ನನ್ನು ಡಿಪ್ಲೊಮಾ ಓದಿಸಿದ್ದು. ಪಾಸ್‌ಪೋರ್ಟ್ ಫಾರ್ಮಿನಲ್ಲಿ ಸರ್‌ನೇಮ್ ಕಾಲಂ ಬಂದಾಗ ನಾನು ಬುದ್ಧಿವಂತನಾದೆ. ಊರ ಹೆಸರು ಬರೆದೆ. ಕೇಳಿದವರು ಯಾವುದೋ ದೊಡ್ಡ ಮನೆತನ ಅಂದುಕೊಳ್ಳಲಿ ಅಂತ!

"ಅದು ನಮ್ಮ ಊರು," ಎಂದೆ. ಖಲಾಸ್.

ಖಲಾಸ್ ಆಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಇಂಗ್ಲಿಷ್ ಬಾರದು, ತುಳು ಮಾತ್ರ. ಆದರೆ ಹೊಳೆಯಲ್ಲಿ ಕಂಬಳಿ ತುಳಿದು ಒಗೆದವರಿಗೆ ಆ ತುಳಿತ ಅರ್ಥವಾಗಿತ್ತು.

"ಎಂತ ಮಗಾ, ಇವರು ಬಟ್ಟೆ ಒಗೆಯುವವರಾ?"

ಹೌದೆಂದು ತಲೆಯಾಡಿಸಿದೆ. ಅಮ್ಮನ ಮುಖ ಅರಳಿಹೋಯಿತು. "ಅಯ್ಯೋ, ನಮ್ಮವರೇ ಮಾರಾಯಾ! ಹೇಳು ಅವರಿಗೆ, ನಾವೂ ಅದೇ ಅಂತ."

ಅಮ್ಮ ಏನಂದರು ಎಂದು ಸಾಹೇಬರು ನನ್ನ ಮುಖ ನೋಡಿದರು.

"ಇನ್ನೆರಡು ದೋಸೆ ಹಾಕಿಸಿಕೊಳ್ಳಬೇಕಂತೆ, ಸರ್."

ಮಗಳಿಗೆ ಅಷ್ಟು ತುಳು ಬರುತ್ತದೆ. ಬಾಯಿ ತೆರೆದಳು. ನಾನು ಕಣ್ಣು ಕೆಕ್ಕರಿಸಿದೆ, ತೆಪ್ಪಗಾದಳು. ಥೂ ನನ್ನ ಜನ್ಮಕ್ಕೆ! ಬಚ್ಚಿಡುವ ವಿದ್ಯೆಯನ್ನು ಅವಳಿಗೂ ಕಲಿಸಿದ ಹಾಗಾಯಿತು.

ಸಾಹೇಬರು ಅಮ್ಮನಿಗೆ ಕೈಮುಗಿದು, ಇನ್ನೆರಡು ದೋಸೆ ಹಾಕಿಸಿಕೊಂಡು, ತಟ್ಟೆ ಬಳಿದು ತಿಂದರು. ಅವರು ಹೋದ ಮೇಲೆ ಅಮ್ಮ ಆ ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದರು.

"ಒಳ್ಳೇ ಜನ ಮಗಾ. ನಾವು ಯಾರು ಅಂತ ಗೊತ್ತಿದ್ದವರು ಊರಲ್ಲಿ ನಮ್ಮ ಮನೆಯ ನೀರು ಸಹ ಕುಡಿಯುವುದಿಲ್ಲ. ಇವರು ನೋಡು, ಗೊತ್ತಾದ ಮೇಲೆ ಇನ್ನೆರಡು ದೋಸೆ ತಿಂದ್ರು!"

ಅವರಿಗೆ ಗೊತ್ತೇ ಆಗಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ?