ಕುಡಿಯದವರ ಬಿಯರ್ ಫ್ರಿಜ್ಜು

ಇವತ್ತು ಬೆಳಿಗ್ಗೆ ಕಾಫಿಗೆ ನೀರಿಡಲು ಅಡುಗೆಮನೆಗೆ ಬಂದವನನ್ನು ಬಾಳೆಹಣ್ಣಿನ ವಾಸನೆ ಹಿಡಿದು ನಿಲ್ಲಿಸಿತು. ಹೋದ ವಾರ ತಂದ ಚಿಪ್ಪು ಕೇಳುವವರಿಲ್ಲದೆ ಬುಟ್ಟಿಯಲ್ಲಿ ಕಪ್ಪಾಗಿ ಕುಳಿತಿತ್ತು. ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ನನ್ನ ಖಾತೆ. ಮದುವೆಯಾದಾಗಿನಿಂದ ನಾನೇ ಮಾಡುವುದು, ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ. ಹಣ್ಣನ್ನು ಎಸೆದುಬಿಡೋಣವೆಂದು ಬುಟ್ಟಿ ಎತ್ತಿಕೊಂಡೆ ನೋಡಿ, ಆ ಕಳಿತ ಸಿಹಿ ಘಾಟು ಮೂಗಿಗೆ ಹತ್ತಿದ್ದೇ ತಡ, ನಾನು ಷಾರ್ಲೆಟ್ ನಗರದ ಈ ಅಡುಗೆಮನೆಯಲ್ಲಿ ಇರಲೇ ಇಲ್ಲ. ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಡಾಕ್ಟರ್ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ, ಒಂದು ಹಳೆಯ ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಂತಿದ್ದೆ.

ಬಾಳೆಹಣ್ಣಿಗೂ ಫ್ರಿಜ್ಜಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ. ಆದರೆ ನಾನು ನೇರ ದಾರಿ ಹಿಡಿದು ಹೋಗುವವನಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ತೊಂಬತ್ತರ ದಶಕದ ನಡುವಿನ ಮಾತು. ಇನ್ನೂರ ಎಪ್ಪತ್ತನೆಯ ನಂಬರಿನ ಹೆದ್ದಾರಿಯ ಪಕ್ಕದ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಜೀವಕೋಶಗಳನ್ನು ಬೆಚ್ಚಗಿಟ್ಟು ಸಾಕುವ ಪೆಟ್ಟಿಗೆಗಳ ನಡುವೆ ದಿನ ಕಳೆಯುತ್ತಿತ್ತು. ಸಂಜೆ ಅಪಾರ್ಟ್‌ಮೆಂಟಿಗೆ ಬಂದರೆ ನನ್ನನ್ನು ಬೆಚ್ಚಗಿಟ್ಟು ಸಾಕುವವರು ಯಾರೂ ಇರಲಿಲ್ಲ. ಯುಗಾದಿಯ ಕೂಟವೊಂದರಲ್ಲಿ ನಾನು ಮೂರನೆಯ ಸಲ ಹುಳಿಯನ್ನಕ್ಕೆ ತಟ್ಟೆ ಒಡ್ಡಿದ್ದನ್ನು ಕಂಡ ಡಾಕ್ಟರ್ ಅಂಕಲ್ ಹೆಂಡತಿ ವಿಮಲಾ ಆಂಟಿ, ‘ಶನಿವಾರ ಮಧ್ಯಾಹ್ನ ನಮ್ಮನೆಗೆ ಬಂದ್ಬಿಡಪ್ಪ, ಅಂಕಲ್ ಬಂದು ಪಿಕ್ ಮಾಡ್ತಾರೆ’ ಎಂದರು. ಅಂದಿನಿಂದ ಶನಿವಾರ ನನಗೆ ಹಬ್ಬವಾಯಿತು.

ಡಾಕ್ಟರ್ ಅಂಕಲ್ ಮೈಸೂರಿನವರು, ಮಕ್ಕಳ ಡಾಕ್ಟರು. ಅರವತ್ತರ ದಶಕದ ಕೊನೆಯಲ್ಲಿ ಬಂದು, ಆ ಕೌಂಟಿಯ ಅರ್ಧ ಮಕ್ಕಳ ಗಂಟಲಿನೊಳಗೆ ಟಾರ್ಚು ಬಿಟ್ಟು, ಆಗಷ್ಟೇ ರಿಟೈರ್ ಆಗಿದ್ದರು. ವಿಮಲಾ ಆಂಟಿ ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಅಂಕಲ್ ಪಕ್ಕ ಊಟಕ್ಕೆ ಕೂರುವುದು ಒಂದು ಅನುಭವ. ಬಡಿಸಿದ್ದರ ಮೊದಲ ತುತ್ತು ಬಾಯಿಗಿಟ್ಟು, ಒಂದು ಗಳಿಗೆ ಸೂರು ನೋಡಿ, ತೀರ್ಪು ಕೊಡುತ್ತಿದ್ದರು. ‘ಸಾರಿಗೆ ಉಪ್ಪು ಒಂದು ಕೈ ಮುಂದೆ.’ ‘ಪಲ್ಯ ಪರವಾಗಿಲ್ಲ, ಒಂದು ನಿಮಿಷ ಮೊದಲೇ ಇಳಿಸಬಹುದಿತ್ತು.’ ಬೈಗುಳವಲ್ಲ, ಕೋಪವಲ್ಲ, ಪ್ರಿಸ್ಕ್ರಿಪ್ಷನ್ ಬರೆಯುವ ದನಿ. ಆಂಟಿ ‘ಹೂಂ’ ಎಂದು ಮುಂದಿನದನ್ನು ಬಡಿಸುತ್ತಿದ್ದರು. ನಾನು ಮಾತ್ರ ಎಲ್ಲಕ್ಕೂ ‘ಚೆನ್ನಾಗಿದೆ ಆಂಟಿ’ ಎನ್ನುತ್ತಿದ್ದೆ.

ಈ ‘ಚೆನ್ನಾಗಿದೆ’ ಎಷ್ಟು ಅನುಕೂಲದ ಮಾತು ನೋಡಿ. ಮದುವೆ ಊಟಕ್ಕೂ ಅದೇ, ಹೊಸ ಸೀರೆಗೂ ಅದೇ, ಗೆಳೆಯ ಸಾಲ ಮಾಡಿ ಕಟ್ಟಿಸಿದ ವಕ್ರ ಮನೆಗೂ ಅದೇ. ಅದನ್ನು ಹೇಳುವುದಕ್ಕೆ ನಾಲಿಗೆ ಬೇಕೇ ಹೊರತು ರುಚಿ ಬೇಕಾಗಿಲ್ಲ. ಹಿರಿಯರ ಮುಂದಂತೂ ನಮಗೆ ಬೇರೆ ಮಾತೇ ಬರುವುದಿಲ್ಲ. ನನ್ನ ಈ ಗುಣ ಅಂಕಲ್‌ಗೆ ಮುಂದೆ ದೊಡ್ಡ ತಲೆನೋವಾಯಿತು.

ಆದದ್ದು ಹೀಗೆ. ಎದುರು ಮನೆಯ ಅಮೆರಿಕನ್ ಗೆಳೆಯರೊಬ್ಬರು ಮನೆ ಮಾರಿ ದಕ್ಷಿಣ ಕ್ಯಾರೊಲಿನಾದ ಸಮುದ್ರದ ಕಡೆ ಹೊರಟರು. ಹೋಗುವಾಗ ಮನೆಯಲ್ಲೇ ಬಿಯರ್ ಮಾಡುವ ತಮ್ಮ ಸಾಮಾನನ್ನೆಲ್ಲ, ಹೊಟ್ಟೆ ದೊಡ್ಡದಾದ ಎರಡು ಗಾಜಿನ ಹೂಜಿ, ನಳಿಗೆ, ಬಾರ್ಲಿ ಪಾಕದ ಡಬ್ಬಗಳು, ಜೊತೆಗೊಂದು ಹಳೆಯ ಫ್ರಿಜ್ಜು, ಎಲ್ಲವನ್ನೂ ಅಂಕಲ್ ತಲೆಗೆ ಕಟ್ಟಿದರು. ಬೇರೆ ಯಾರಾದರೂ ಆಗಿದ್ದರೆ ಮಾರನೆಯ ದಿನವೇ ಕಸದ ಬಂಡಿಗೆ ಹಾಕುತ್ತಿದ್ದರು. ಯಾಕೆಂದರೆ ಅಂಕಲ್ ಹುಟ್ಟಿದಾಗಿನಿಂದ ಒಂದು ಹನಿ ಕುಡಿದವರಲ್ಲ. ಮೈಸೂರು ಬಿಡುವಾಗ ಅವರ ತಾಯಿ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು: ಅಲ್ಲಿ ಹೋಗಿ ಕುಡಿಯಬಾರದು. ಆ ಮಾತನ್ನು ಅವರು ಎಷ್ಟೋ ಪಾರ್ಟಿಗಳಲ್ಲಿ, ಶುಂಠಿ ಸೋಡಾದ ಲೋಟ ಹಿಡಿದುಕೊಂಡೇ, ಕಾಪಾಡಿದ್ದರು.

‘ಅಜ್ಜಿ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಅಂಕಲ್’ ಎಂದು ನಾನೊಮ್ಮೆ ಕೆಣಕಿದ್ದೆ.

‘ಮಾತು ಕೊಟ್ಟೋನು ನಾನು ಕಣಯ್ಯ. ನಾನಿನ್ನೂ ಇದ್ದೀನಲ್ಲ’ ಎಂದರು.

ಆದರೆ ಕುಡಿಯಬಾರದು ಎಂದರೆ ಮಾಡಬಾರದು ಎಂದು ಅರ್ಥವಲ್ಲವಲ್ಲ. ರಿಟೈರ್ ಆದ ಡಾಕ್ಟರಿಗೆ ನೋಡಲು ರೋಗಿಗಳಿಲ್ಲ, ಕಣ್ಣೆದುರಿಗೆ ಯೀಸ್ಟಿನ ಪೊಟ್ಟಣವಿದೆ. ಬಾರ್ಲಿ ಪಾಕವನ್ನು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಹೂಜಿಗೆ ಸುರಿದು, ಯೀಸ್ಟು ಉದುರಿಸಿದರು. ಮಾರನೆಯ ದಿನ ಅದು ಗುಳುಗುಳು ಎಂದು ಉಸಿರಾಡತೊಡಗಿದಾಗ ಅವರಿಗಾದ ಸಂತೋಷವನ್ನು ನೀವು ನೋಡಬೇಕಿತ್ತು. ‘ಜೀವ ಇದೆ ಅದಕ್ಕೆ, ಜೀವ! ಬಂದು ನೋಡು’ ಎಂದು ಲ್ಯಾಬಿಗೇ ಫೋನ್ ಮಾಡಿದ್ದರು.

ಪುಸ್ತಕ ಓದಿ ಅವರು ತಿಳಿದುಕೊಂಡಿದ್ದು ಇಷ್ಟು. ಯೀಸ್ಟಿಗೆ ಸೆಕೆಯಾದರೆ ಅದು ಚಡಪಡಿಸಿ ಬೇಡದ ರುಚಿಗಳನ್ನೆಲ್ಲ ಬಿಯರಿಗೆ ಬಿಡುತ್ತದೆ, ಚಳಿಯಾದರೆ ಮುದುರಿ ಮಲಗುತ್ತದೆ. ಮೇರಿಲ್ಯಾಂಡಿನ ಆಗಸ್ಟಿನಲ್ಲಿ ಬೇಸ್‌ಮೆಂಟೂ ಬೆಚ್ಚಗೆ. ಫ್ರಿಜ್ಜಿನೊಳಗಿಟ್ಟರೆ ವಿಪರೀತ ತಣ್ಣಗೆ, ಹಾಲು ಮೊಸರಿಗೆ ಸರಿ, ಯೀಸ್ಟಿಗಲ್ಲ. ಆದ್ದರಿಂದ ಅಂಗಡಿ ಹುಡುಕಿಕೊಂಡು ಹೋಗಿ ಒಂದು ಡಬ್ಬ ತಂದರು. ಮುಖದ ಮೇಲೆ ಡಿಗ್ರಿಗಳ ತಿರುಗಣೆ, ಬೆನ್ನಿಗೆ ಬಾಲದಂಥ ಉದ್ದನೆಯ ತಾಮ್ರದ ತಂತಿ, ತಂತಿಯ ತುದಿಯಲ್ಲಿ ಬಿಸಿ ಅಳೆಯುವ, ಬೆರಳಿನಷ್ಟು ಗಾತ್ರದ ಒಂದು ಬುಡ್ಡಿ. ಡಬ್ಬವನ್ನು ಗೋಡೆಗೆ ಸಿಗಿಸಿ, ಫ್ರಿಜ್ಜನ್ನು ಡಬ್ಬಕ್ಕೆ ಸಿಗಿಸಬೇಕು. ತಾಮ್ರದ ಬಾಲವನ್ನು ಫ್ರಿಜ್ಜಿನೊಳಕ್ಕೆ ಬಿಟ್ಟರೆ, ಒಳಗೆ ಸೆಕೆಯಾದಾಗ ಡಬ್ಬ ಫ್ರಿಜ್ಜನ್ನು ಎಬ್ಬಿಸುತ್ತದೆ, ತಂಪಾದ ಮೇಲೆ ಮಲಗಿಸುತ್ತದೆ.

ಬಾಲವನ್ನು ನಾವಿಬ್ಬರೂ ಸೇರಿ ಮೇಲಿನ ತಂತಿ ಹಲಗೆಗೆ ನೇತುಹಾಕಿದೆವು. ತಿರುಗಣೆಯನ್ನು ಅರವತ್ತನಾಲ್ಕು ಡಿಗ್ರಿ ಫ್ಯಾರನ್ಹೀಟಿಗೆ ತಂದೆವು. ಟಕ್ ಎಂದಿತು, ಫ್ರಿಜ್ಜು ಗುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಮೌನ. ಮತ್ತೆ ಟಕ್. ಕುರ್ಚಿ ಎಳೆದುಕೊಂಡು ಅಂಕಲ್ ಅದರ ಮುಂದೆಯೇ ಕುಳಿತರು. ‘ಎಷ್ಟು ನಿಯತ್ತಾಗಿ ಕೆಲಸ ಮಾಡ್ತಿದೆ ನೋಡು’ ಎಂದು ಹೆಮ್ಮೆಪಟ್ಟರು.

ಈ ಡಬ್ಬದಿಂದ ನಿಜವಾಗಿ ಏನಾದರೂ ವ್ಯತ್ಯಾಸವಾಯಿತೇ? ಅಂಕಲ್‌ಗೆ ಬೇಕಿದ್ದದ್ದು ಅದೊಂದೇ ಉತ್ತರ. ಅದಕ್ಕಾಗಿ ಒಂದೇ ಪಾಕವನ್ನು ಎರಡು ಹೂಜಿಗೆ ಹಂಚಿ, ಒಂದನ್ನು ಫ್ರಿಜ್ಜಿನೊಳಗೆ, ಇನ್ನೊಂದನ್ನು ಹೊರಗೆ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಇಟ್ಟರು. ಉತ್ತರ ಹೇಳಬೇಕಾದ್ದು ನಾಲಿಗೆ, ಅದು ಅವರದಾಗುವ ಹಾಗಿರಲಿಲ್ಲ. ಹಾಗಾಗಿ ಬಿಯರೆಂದರೆ ಏನೆಂದು ಸರಿಯಾಗಿ ತಿಳಿಯದ ನನ್ನ ಪಾಲಿಗೆ ಬಂತು.

ಒಂದು ಶನಿವಾರ ಊಟವಾದ ಮೇಲೆ ಎರಡು ಲೋಟ ಮುಂದಿಟ್ಟು, ಕನ್ನಡಕ ಒರೆಸಿಕೊಂಡು, ನನ್ನ ಮುಖವನ್ನೇ ನೋಡುತ್ತ ಕುಳಿತರು. ನಾನು ಇದರದ್ದೊಂದು ಗುಟುಕು, ಅದರದ್ದೊಂದು ಗುಟುಕು ಕುಡಿದೆ.

‘ಎರಡೂ ಚೆನ್ನಾಗಿದೆ ಅಂಕಲ್.’

‘ಎರಡೂ ಅಂದ್ರೆ? ಡಿಫರೆನ್ಸ್ ಏನೂ ಇಲ್ವಾ?’

‘ಇದು ಚೆನ್ನಾಗಿದೆ. ಅದೂ... ಚೆನ್ನಾಗೇ ಇದೆ.’

ಅವರ ಮುಖ ಇಷ್ಟೇ ಇಷ್ಟಾಯಿತು. ‘ಎದೆಗೆ ಸ್ಟೆಥಸ್ಕೋಪ್ ಇಟ್ರೆ ಕಿರುಚೋ ಮಗು ವಾಸಿ ಕಣಯ್ಯ, ನಿನಗಿಂತ. ಅದು ಏನೋ ಒಂದು ಹೇಳುತ್ತೆ’ ಎಂದರು.

ಅಷ್ಟರಲ್ಲಿ ಒಗೆದ ಬಟ್ಟೆ ತೆಗೆಯಲು ಕೆಳಗಿಳಿದು ಬಂದ ಆಂಟಿ ಬುಟ್ಟಿಯನ್ನು ನೆಲಕ್ಕಿಟ್ಟರು. ಒಂದು ಲೋಟ ಎತ್ತಿ ಮೂಸಿದರು. ಕುಡಿದರು. ಇನ್ನೊಂದನ್ನೂ ಎತ್ತಿ ಕುಡಿದರು. ಅಂಕಲ್ ಬಾಯಿ ತೆರೆದದ್ದು ತೆರೆದೇ ಇತ್ತು.

‘ವಿಮಲಾ! ನೀನು...’

‘ನಾನೇನು ಯಾರಿಗೂ ಮಾತು ಕೊಟ್ಟಿಲ್ಲಪ್ಪ. ನನ್ನ ಯಾರೂ ಕೇಳೇ ಇರ್ಲಿಲ್ಲ.’

ಡಬ್ಬ ಟಕ್ ಎಂದಿತು. ಆಂಟಿ ತುಟಿ ಒರೆಸಿಕೊಂಡರು.

‘ಎರಡೂ ಒಂದೇ. ಎರಡರಲ್ಲೂ ಕಳಿತ ಬಾಳೆಹಣ್ಣಿನ ವಾಸನೆ.’

ಅಂಕಲ್ ಎದ್ದು ಪುಸ್ತಕ ತಿರುವಿದರು. ಬಾಳೆಹಣ್ಣು ಅಲ್ಲಿತ್ತು! ಯೀಸ್ಟಿಗೆ ಸೆಕೆಯಾದ ಗುರುತು. ಹೊರಗಿಟ್ಟ ಹೂಜಿಗೆ ಸರಿ, ಆದರೆ ಫ್ರಿಜ್ಜಿನೊಳಗಿದ್ದದ್ದಕ್ಕೆ ಸೆಕೆ ಹೇಗೆ? ಒಳಗೆ ಅರವತ್ತನಾಲ್ಕೇ ಇದೆ ಎಂದು ಬಾಗಿಲು ತೆರೆದು, ಹಲಗೆಗೆ ನೇತಾಡುತ್ತಿದ್ದ ಬುಡ್ಡಿಯನ್ನು ತೋರಿಸಿದರು. ಅಲ್ಲೇ ಪಕ್ಕದಲ್ಲಿ ಆ ವಾರದ ಹೊಸ ಹೂಜಿ ನೊರೆಯೆಬ್ಬಿಸಿ ಗುಳುಗುಳು ಎನ್ನುತ್ತಿತ್ತು. ಆಂಟಿ ಬಾಗಿ ನೋಡಿದರು.

‘ರೀ, ಮಗುಗೆ ಜ್ವರ ಅಂತ ಕರ್ಕೊಂಡು ಬಂದ್ರೆ ನೀವು ರೂಮಿನ ಟೆಂಪರೇಚರ್ ನೋಡ್ತಿದ್ರಾ?’

ತಮಾಷೆಗೆ ಅಂದ ಮಾತು ಅದು. ಆದರೆ ಅಂಕಲ್ ಕೈ ಹಾಗೇ ಹೂಜಿಯ ಹೊಟ್ಟೆಯ ಮೇಲೆ ಹೋಗಿ ಕುಳಿತಿತು. ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಬೆಚ್ಚಗಿತ್ತು. ಹುದುಗುವಾಗ ಬಿಯರು ತನ್ನೊಳಗೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ನಮ್ಮ ಡಬ್ಬ ಅಷ್ಟು ದಿನ ನಿಯತ್ತಾಗಿ ಕಾಯುತ್ತಿದ್ದದ್ದು ಫ್ರಿಜ್ಜಿನ ಗಾಳಿಯನ್ನು, ಬಿಯರನ್ನಲ್ಲ. ಜೀವನವಿಡೀ ಜ್ವರ ನೋಡಿದವರು ಒಬ್ಬರು, ಬೆಚ್ಚನೆಯ ಪೆಟ್ಟಿಗೆಗಳ ನಡುವೆಯೇ ಸಂಬಳ ಎಣಿಸುವವನು ಒಬ್ಬ, ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೀನಿನ ತೊಟ್ಟಿಗೆ ಅಂಟಿಸುವ ಬಣ್ಣದ ಥರ್ಮಾಮೀಟರ್ ಪಟ್ಟಿಯನ್ನು ಆವತ್ತೇ ತಂದು ಗಾಜಿಗೆ ಅಂಟಿಸಿದರೆ, ಅದು ಎಪ್ಪತ್ತೆರಡರ ಹತ್ತಿರ ಹಸಿರಾಗಿ ಹೊಳೆಯಿತು.

ಬುಡ್ಡಿಯನ್ನು ಹೂಜಿಯ ಮೈಗೇ ಒತ್ತಿ ಟೇಪು ಸುತ್ತಿದೆವು. ಅದಕ್ಕೆ ಗಾಳಿಯ ತಂಪು ತಾಗದ ಹಾಗೆ ಮೇಲೇನಾದರೂ ದಪ್ಪಗೆ ಹೊದಿಸಬೇಕಿತ್ತು. ಅಂಕಲ್ ಮೇಲೆ ಹೋಗಿ, ಅಮೆರಿಕದ ಚಳಿಗೆಂದು ಅವರ ತಾಯಿ ಹೆಣೆದು ಕೊಟ್ಟಿದ್ದ ಉಣ್ಣೆಯ ಟೋಪಿಯನ್ನು ತಂದು ಅಲ್ಲಿಗೆ ಕಟ್ಟಿದರು. ‘ಅತ್ತೆಗೆ ಚೆನ್ನಾಗೇ ಟೋಪಿ ಹಾಕಿದ್ರಿ’ ಎಂದು ಆಂಟಿ ನಕ್ಕರು. ಅಂದಿನಿಂದ ಡಬ್ಬದ ಟಕ್‌ಟಕ್ ಕಡಿಮೆಯಾಯಿತು. ಎಷ್ಟೋ ಹೊತ್ತಿಗೊಮ್ಮೆ ಎಚ್ಚರಾಗಿ, ಒಂದಿಷ್ಟು ದುಡಿದು, ಮತ್ತೆ ಸುಮ್ಮನಾಗುತ್ತಿತ್ತು.

ಮುಂದಿನ ಬಿಯರು ತಯಾರಾದ ದಿನ ಅಂಕಲ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲೋಟವನ್ನು ನೇರ ಆಂಟಿಯ ಕೈಗಿಟ್ಟು, ಎದುರಿಗೆ ಕುಳಿತು, ‘ಹೇಗಿದೆ, ಹೇಳು’ ಎಂದು ಕಣ್ಣು ಮುಚ್ಚಿಕೊಂಡರು.

‘ಬಾಳೆಹಣ್ಣು ಹೋಗಿದೆ’ ಎಂದರು ಆಂಟಿ. ಅಂಕಲ್ ಮುಚ್ಚಿದ ಕಣ್ಣಲ್ಲೇ ನಕ್ಕರು. ‘ಮೊದಲು ಬ್ರೆಡ್ಡಿನ ಅಂಚಿನ ರುಚಿ, ಸ್ವಲ್ಪ ಕೆಂಪಗೆ ಸುಟ್ಟಿರುತ್ತಲ್ಲ, ಅದು. ಆಮೇಲೆ ಕಿತ್ತಳೆ ಸಿಪ್ಪೆ. ಕೊನೇಲಿ ಕಹಿ. ಹಾಗಲಕಾಯಿ ಕಹಿ ಅಲ್ಲ ರೀ, ಹುರಿದ ಮೆಂತ್ಯದ್ದು.’

‘ಮೆಂತ್ಯ ಎಷ್ಟು? ಹುಳೀಗೆ ಹಾಕ್ತೀಯಲ್ಲ, ಅಷ್ಟಾ?’

‘ಅದಕ್ಕಿಂತ ಒಂದು ಚೂರು ಕಮ್ಮಿ. ತಡೀರಿ, ಇನ್ನೊಂದು ಗುಟುಕು ಕುಡಿದು ಹೇಳ್ತೀನಿ.’

ನಾನು ಆ ಊರು ಬಿಡುವವರೆಗೂ ಪ್ರತಿ ಹೊಸ ಬಿಯರಿಗೂ ಅದೇ ನಡೆಯಿತು. ಅಂಕಲ್ ತಾವು ಒಂದು ಹನಿ ಮುಟ್ಟದೆಯೇ ತಮ್ಮ ಬಿಯರಿನ ರುಚಿಯನ್ನೆಲ್ಲ ತಿಳಿದುಕೊಂಡರು. ಈಗ ಅವರಿಲ್ಲ. ತಾಯಿಗೆ ಕೊಟ್ಟ ಮಾತನ್ನು ಕೊನೆತನಕ ಉಳಿಸಿಕೊಂಡೇ ಹೋದರು.

ಬಾಳೆಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು, ಕಾಫಿ ಇಳಿಯುವಷ್ಟರಲ್ಲಿ ಆಂಟಿಗೆ ಫೋನ್ ಮಾಡಿದೆ. ಈಗ ಅವರು ಕ್ಲಾರ್ಕ್ಸ್‌ಬರ್ಗಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಇಷ್ಟು ವರ್ಷ ಕೇಳಬೇಕೆಂದು ಕೇಳದೆ ಉಳಿದಿದ್ದ ಒಂದು ಮಾತನ್ನು ಕೇಳಿಯೇಬಿಟ್ಟೆ. ‘ಆಂಟಿ, ನಿಮಗೆ ಬಿಯರ್ ಅಷ್ಟೊಂದು ಇಷ್ಟ ಇತ್ತಾ?’

‘ಅಯ್ಯೋ ರಾಮ! ಕಷಾಯ ಅದು. ಹೇಗೆ ಕುಡೀತಾರೋ ಜನ.’

‘ಮತ್ತೆ ಅಷ್ಟು ವರ್ಷ ಕುಡಿದ್ರಲ್ಲ?’

‘ಅವರು ಕೇಳ್ತಿದ್ರಲ್ಲೋ. ಮದುವೆಯಾದಾಗಿಂದ ಉಪ್ಪು ಜಾಸ್ತಿ, ಹುಳಿ ಕಮ್ಮಿ ಅಂತ ಅವರು ಹೇಳೋರು, ನಾನು ಕೇಳಿಸ್ಕೊಳ್ಳೋಳು. ಆ ಬಿಯರ್ ಬಂದ್ಮೇಲೆ ನಾನು ಹೇಳೋಳು, ಅವರು ಕಣ್ಮುಚ್ಕೊಂಡು ಕೇಳೋರು. ನಾನು ಮುಗಿಸೋವರೆಗೂ ಕಣ್ಣು ಬಿಡ್ತಿರ್ಲಿಲ್ಲ ಕಣೋ.’

ಫೋನ್ ಇಟ್ಟು ಎರಡು ಲೋಟಕ್ಕೆ ಕಾಫಿ ಬೆರೆಸಿದೆ. ಹೆಂಡತಿ ಬಂದು ತನ್ನ ಲೋಟ ಎತ್ತಿಕೊಂಡು, ನಿಂತುಕೊಂಡೇ ಒಂದು ಗುಟುಕು ಕುಡಿದಳು.

‘ಹೇಗಿದೆ?’ ಎಂದೆ.

‘ಚೆನ್ನಾಗಿದೆ.’

‘ಹಾಗಲ್ಲ. ನಿಜ ಹೇಳು.’

ಅವಳು ನನ್ನ ಮುಖ ನೋಡಿದಳು, ಲೋಟದೊಳಗೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಲೋಟವನ್ನು ಮೇಜಿನ ಮೇಲಿಟ್ಟು, ಒಂದು ಕುರ್ಚಿಯನ್ನು ತನಗೂ ಇನ್ನೊಂದನ್ನು ನನಗೂ ಎಳೆದಳು.

‘ಹಾಗಾದ್ರೆ ಕೂತ್ಕೊಳ್ಳಿ’ ಎಂದಳು.