ಕುರ್ಚಿಯ ಕಿವಿ

“ಕಿವಿ ಕೊಯ್ಯೋದು ಬ್ಯಾಡ್ರಿ ಅಕ್ಕಾರ,” ಎಂದರು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸೋಫಾ ರಿಪೇರಿ ಮಾಡುವ ವಿಜಯಪುರದ ಬಸಣ್ಣ. ನಿವೃತ್ತರಾದ ನನ್ನವರಿಗೆಂದು ಕೊಂಡ ಹಳೆಯ ಇಂಗ್ಲಿಷ್ ಮಾದರಿಯ ಕುರ್ಚಿಯದು. ಬೆನ್ನಿನ ಎರಡೂ ಬದಿಗೆ ದಪ್ಪ ಮೆತ್ತೆ ಕಿವಿಯಂತೆ ಚಾಚಿತ್ತು. ಚಳಿದೇಶದ ಬಂಗಲೆಗಳಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತವರಿಗೆ ಬಾಗಿಲ ಸಂದಿಯ ಶೀತಗಾಳಿ ತಾಗದಿರಲೆಂದು ಹುಟ್ಟಿದ ಕಿವಿ ಡೊಂಬಿವ್ಲಿಯ ಸೆಕೆಗೇಕೆ ಎಂಬುದು ನನ್ನ ವಾದ.

“ಲೋಕಲ್ ರೈಲಿನ್ಯಾಗ ವಿಂಡೋ ಸೀಟ್ ಸಿಕ್ಕಂಗ ಆಗ್ತದ್ರಿ. ಸಾಹೇಬ್ರು ತಲಿ ಆನಿಸಿ ಮಲಗ್ತಾರ.”

ಮೂವತ್ತು ವರ್ಷ ಆಫೀಸಿನಿಂದ ಠಾಣೆ ದಾಟಿ ಡೊಂಬಿವ್ಲಿಯವರೆಗೆ ಲೋಕಲ್‌ನಲ್ಲಿ ನಿಂತೇ ಮನೆಗೆ ಬಂದವರು ಈಗ ದಿನವೂ ಮಧ್ಯಾಹ್ನ ಆ ಕಿವಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾರೆ. ಚಹಾ ತಂದು ಭುಜ ಮುಟ್ಟಿದರೆ ಕಣ್ಣು ತೆರೆಯದೆಯೇ, “ಡೊಂಬಿವ್ಲಿ ಬಂತಾ?” ಎನ್ನುತ್ತಾರೆ. “ಇಲ್ಲ, ಇನ್ನೂ ಠಾಣೆ,” ಎಂದು ನಾನು ಲೋಟಕ್ಕೆ ತಟ್ಟೆ ಮುಚ್ಚುತ್ತೇನೆ.