ತಗಡಿನ ಮೂಲೆಯ ಹೂವು

ಅರಸರ ಕಥೆ ಹೇಳಲು ಜನ ಬೇಕಾದಷ್ಟಿದ್ದಾರೆ. ಯಾವ ಅರಸ ಯಾವ ಯುದ್ಧ ಗೆದ್ದ, ಯಾರಿಗೆ ಎಷ್ಟು ಭೂಮಿ ಕೊಟ್ಟ ಎಂಬುದೆಲ್ಲ ತಾಮ್ರದ ತಗಡುಗಳ ಮೇಲೆ ಇಂದಿಗೂ ಇದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೀಪ ಹಾಕಿ ತೋರಿಸುತ್ತಾರೆ. ಆ ಅಕ್ಷರಗಳನ್ನು ಕೊರೆದವನ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಅವನ ಕಥೆಯೇ ಬೇಕು. ಅದಕ್ಕೇ ಸಾವಿರ ವರ್ಷದ ಹಿಂದಿನ ಒಬ್ಬ ಕಂಚುಗಾರನನ್ನು ಹಿಡಿದುಕೊಂಡು ಕೂತಿದ್ದೇನೆ.

ಅವನಿಗೆ ಓದಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಅರಮನೆಯ ದಾನಪತ್ರಗಳನ್ನು ಕೊರೆದವನಿಗೆ ಒಂದಕ್ಷರವೂ ಗೊತ್ತಿರಲಿಲ್ಲ ಎಂದರೆ ನಿಮಗೆ ನಗು ಬರಬಹುದು. ಆದರೆ ಕಚೇರಿಗೆ ಬೇಕಾಗಿದ್ದುದೇ ಅಂಥವನು. ಕಚೇರಿಯ ಬರಹಗಾರನಾದ ಕರಣಿಕ ತಗಡಿನ ಮೇಲೆ ಮಸಿಯಲ್ಲಿ ಬರೆದುಕೊಡುತ್ತಿದ್ದ, ಕಂಚುಗಾರ ಮಸಿಯ ಜಾಡು ಹಿಡಿದು ಉಳಿ ಓಡಿಸುತ್ತಿದ್ದ. ಓದು ಬಂದವನನ್ನು ಕೂರಿಸಿದರೆ ಒಳಗಿನ ಗುಟ್ಟು ಹೊರಗೆ ಹೋಗುತ್ತದೆ ಎಂಬ ಭಯ ಕರಣಿಕನಿಗೆ. ಕಂಚುಗಾರನ ಅಪ್ಪ ಬೇರೆಯೇ ಕಾರಣ ಕೊಡುತ್ತಿದ್ದ. ಅರ್ಥ ಗೊತ್ತಾದರೆ ಕೈ ತನ್ನಷ್ಟಕ್ಕೆ ತಿದ್ದಲು ಹೋಗುತ್ತದಂತೆ, ಕಣ್ಣಿಗೆ ಕಂಡಷ್ಟು ಕೊರೆದರೆ ಸಾಕಂತೆ. ಮಗ ಅದನ್ನೇ ದೊಡ್ಡ ಹೆಮ್ಮೆಯೆಂದುಕೊಂಡು ಬದುಕಿದ. ಆ ಹೆಮ್ಮೆಯನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಕಚೇರಿಯ ಹಿಂದಿನ ಉದ್ದ ಕೋಣೆಯಲ್ಲಿ ಅವನ ಕೆಲಸ. ಒಂದೇ ಕಿಟಕಿ, ಅದರ ಕೆಳಗೆ ಕೂರುವ ಮಣೆ, ಪಕ್ಕದಲ್ಲಿ ಕುಲುಮೆ, ಅಡಿಗಲ್ಲು, ಹನ್ನೆರಡು ಉಳಿ. ಹೊಗೆಗೆ ಗೋಡೆಯೆಲ್ಲ ಕಪ್ಪಾಗಿ, ಅವನ ಬೆನ್ನು ಒರಗುವ ಜಾಗ ಮಾತ್ರ ಉಜ್ಜಿ ಉಜ್ಜಿ ನುಣುಪಾಗಿತ್ತು. ಕೊರೆದ ಗೆರೆ ಸರಿಯಾಗಿದೆಯೇ ಎಂದು ತಗಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು ಅವನ ರೂಢಿ. ಮನೆಯಲ್ಲಿ ಊಟದ ತಟ್ಟೆಯನ್ನೂ ಹಾಗೆಯೇ ಹಿಡಿದು ನೋಡುತ್ತಿದ್ದ. ಗಂಡನಿಗೆ ಊಟಕ್ಕಿಂತ ತಟ್ಟೆಯೇ ಮುಖ್ಯ ಎಂದು ಹೆಂಡತಿ ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು.

ಅವನಿಗೊಬ್ಬಳು ತಂಗಿ. ಅವಳ ಗಂಡ ಅರಸನ ದಂಡಿನಲ್ಲಿ ಸತ್ತ. ಸತ್ತವನ ಹೆಂಡತಿಗೆಂದು ಅರಸ ಕೆರೆಯ ಕೆಳಗಿನ ಒಂದು ಹೊಲ ಕೊಟ್ಟ. ಒಂದೇ ತಗಡಿನ ಆ ದಾನಪತ್ರವನ್ನು ಕೊರೆಯುವ ಕೆಲಸ ಅಣ್ಣನ ಪಾಲಿಗೇ ಬಂತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಣ್ಣು ತುಂಬಿ ಬಂದು, ಉಳಿ ಜಾರಿ, ಮೂಲೆಯಲ್ಲಿ ಒಂದು ಗೀರು ಬಿತ್ತು. ಕರಣಿಕ ಬೈದಾನೆಂದು ಆ ಗೀರಿನ ಸುತ್ತ ಐದು ಎಸಳು ಕೊರೆದು, ಅದನ್ನೊಂದು ಹೂವು ಮಾಡಿಬಿಟ್ಟ. ತಂಗಿ ತಗಡನ್ನು ಕೈಗೆ ತೆಗೆದುಕೊಂಡು, ಇದರಲ್ಲಿ ತನಗೆ ಓದಲು ಬರುವುದು ಈ ಹೂವೊಂದೇ ಎಂದಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ಹೊಲದಲ್ಲಿ ಒಂಬತ್ತು ಬೆಳೆ ತೆಗೆದು ಎರಡು ಹೆಣ್ಣುಮಕ್ಕಳನ್ನು ಸಾಕಿದಳು. ಹೊಲ ಬಿಟ್ಟರೆ ಅವಳಿಗೆ ಇನ್ನೇನೂ ಇರಲಿಲ್ಲ.

ಅಷ್ಟರಲ್ಲಿ ಅರಸ ಸತ್ತು ಹೊಸಬ ಬಂದ. ಹಳೆಯ ದಾನಪತ್ರಗಳನ್ನೆಲ್ಲ ಕಚೇರಿಗೆ ತಂದೊಪ್ಪಿಸಬೇಕು, ನೋಡಿ ಹೊಸ ಮುದ್ರೆ ಹಾಕಿ ಹಿಂತಿರುಗಿಸಲಾಗುವುದು ಎಂದು ಡಂಗುರ ಹೊಡೆಸಿದರು. ತಂಗಿಗೆ ಚಿಂತೆ ಹತ್ತಿತು. ಅಣ್ಣ ಧೈರ್ಯ ಹೇಳಿ, ತಗಡನ್ನು ತಾನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕರಣಿಕನ ಕೈಗಿಟ್ಟ. ದಿನಾ ಮುಖ ನೋಡುವ ಮನುಷ್ಯ, ರಸೀದಿ ಏಕೆ ಕೇಳಬೇಕು? ಕೇಳಲಿಲ್ಲ. ತಗಡು ಯಾವಾಗ ಸಿಗುತ್ತದೆಂದು ವಿಚಾರಿಸಿದಾಗಲೆಲ್ಲ ಕರಣಿಕ ಸರದಿ ಬರಲಿ ಎನ್ನುತ್ತಿದ್ದ. ಹೀಗೆಯೇ ಒಂದು ವರ್ಷವಾಯಿತು.

ಆ ವರ್ಷ ಮತ್ತೆ ಯುದ್ಧ, ತಾಮ್ರಕ್ಕೆ ಬರ. ವಾರಸುದಾರರಿಲ್ಲದ ಹಳೆಯ ತಗಡುಗಳೆಂದು ಹೇಳಿ ಕರಣಿಕ ಒಂದು ಹೊರೆ ಕಳಿಸಿದ. ಕಾಯಿಸಿ, ಬಡಿದು, ಅಕ್ಷರ ಅಳಿಸಿ ಹೊಸ ಬರಹಕ್ಕೆ ಹದ ಮಾಡಬೇಕಿತ್ತು. ಬೆಂಕಿಗಿಡುವ ಮುನ್ನ ತಗಡಿಗೆ ಮಣ್ಣು ಮೆತ್ತುವುದು ಕಸುಬಿನ ಪದ್ಧತಿ, ಮೆತ್ತುವುದು ಕಂಚುಗಾರನದೇ ಕೆಲಸ. ಆ ಸಲ ಮಣ್ಣು ಕಚೇರಿಯಿಂದಲೇ ಮೆತ್ತಿ ಬಂದಿತ್ತು. ಏಕೆ ಎಂದು ಅವನು ಯೋಚಿಸಲಿಲ್ಲ. ಅರ್ಧ ದಿನದ ಕೆಲಸ ಉಳಿಯಿತೆಂದು ಖುಷಿಪಟ್ಟ. ಕಾಯಿಸಿದ, ಅಡಿಗಲ್ಲಿನ ಮೇಲಿಟ್ಟು ಮಣ್ಣಿನ ಸಮೇತ ಎರಡೂ ಮೈ ಬಡಿದ, ತೊಳೆದು ಕೊಟ್ಟ.

ಅವುಗಳಲ್ಲೊಂದು ತಗಡು ಹೊಸ ಬರಹ ಹೊತ್ತು ಅವನ ಮಣೆಗೆ ಮರಳಿತು. ಹನ್ನೊಂದು ಸಾಲು ಕೊರೆದಾದ ಮೇಲೆ ಎಂದಿನಂತೆ ಕಿಟಕಿಗೆ ಓರೆಯಾಗಿ ಹಿಡಿದ. ಕೆಳಗಿನ ಮೂಲೆಯಲ್ಲಿ, ಬಡಿತಕ್ಕೆ ಪೂರ್ತಿ ಸಾಯದೆ, ಐದು ಎಸಳು ಕಂಡವು.

ಎದ್ದು ಹೋಗಿ, ಈ ಪತ್ರ ಯಾವ ಜಮೀನಿನದು ಎಂದು ಕರಣಿಕನನ್ನು ಕೇಳಿದ.

"ಕೆರೆ ಕೆಳಗಿನ ಹೊಲ. ನಮ್ಮ ಕಚೇರಿ ಅಧಿಕಾರಿಗಳ ಭಾವಮೈದುನರಿಗೆ," ಎಂದ ಕರಣಿಕ, ತಲೆ ಎತ್ತದೆ. "ನಿನಗ್ಯಾಕೆ ಅದೆಲ್ಲ? ಮಸಿ ಅಳಿಸೋಕೆ ಮುಂಚೆ ಕೊರಿ, ಹೋಗು."

ಉಳಿಯನ್ನು ಅಲ್ಲೇ ಬಿಸಾಡಬೇಕಿತ್ತು. ಬಿಸಾಡಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು "ಬಾಯಿ ಬಿಟ್ರೆ ನಾವು ಬೀದಿಗೆ ಬೀಳ್ತೀವಿ," ಎಂದಳು. "ಬಿಡದಿದ್ರೆ ನಾಳೆ ಅವಳ ಮುಖ ಹೇಗೆ ನೋಡ್ತೀರಿ?" ಎಂದೂ ಅವಳೇ ಕೇಳಿದಳು. ಮರುದಿನ ಅವನು ಹೋಗಿ ಉಳಿದ ಸಾಲುಗಳನ್ನು ಕೊರೆದು ಮುಗಿಸಿದ. ಒಪ್ಪಿಸುವ ಮುನ್ನ ತಗಡಿಗೆಲ್ಲ ಸಣ್ಣ ಸುತ್ತಿಗೆಯಿಂದ ಕೊನೆಯ ತಟ್ಟು ತಟ್ಟಬೇಕು. ಆ ಮೂಲೆಯನ್ನು ಮಾತ್ರ ತಟ್ಟದೆ ಬಿಟ್ಟ. ಅವನಿಂದಾದದ್ದು ಅಷ್ಟೇ. ತಂಗಿಗೆ ಹೇಳುವುದಕ್ಕಂತೂ ನಾಲಿಗೆ ಏಳಲಿಲ್ಲ.

ಕೊಯ್ಲಿನ ಹೊತ್ತಿಗೆ ಭಾವಮೈದುನನ ಆಳುಗಳು ಹೊಲಕ್ಕಿಳಿದರು. ತಂಗಿ ನ್ಯಾಯ ಕೇಳುವ ಹಿರಿಯನ ಮುಂದೆ ಹೋಗಿ ನಿಂತಳು. ಅಂಥ ಪತ್ರ ಕಚೇರಿಗೆ ಬಂದೇ ಇಲ್ಲ ಎಂದ ಕರಣಿಕ. ಬರೆದದ್ದು ನಮ್ಮಣ್ಣನ ಉಳಿ, ತಂದುಕೊಟ್ಟದ್ದೂ ನಮ್ಮಣ್ಣ, ಅವನನ್ನೇ ಕೇಳಿ ಎಂದಳು ತಂಗಿ. ಅವಳ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕಂಚುಗಾರ ಆ ದಿನ ಬಾಯಿ ಬಿಟ್ಟ. ತಗಡು ತಾನೇ ತಂದದ್ದು, ಅದು ಕಚೇರಿಯಿಂದಲೇ ಮಣ್ಣು ಮೆತ್ತಿಸಿಕೊಂಡು ಬಂದದ್ದು, ತಾನೇ ಬಡಿದದ್ದು, ಎಲ್ಲವನ್ನೂ ಹೇಳಿದ. ಹೊಸ ಪತ್ರ ತರಿಸಿ ಬೆಳಕಿಗೆ ಓರೆ ಹಿಡಿಯಿರಿ ಎಂದು ಬೇಡಿಕೊಂಡ. ಹಿರಿಯ ತರಿಸಿದ, ಕಿಟಕಿಯ ಬಳಿ ಹೋಗಿ ಹಿಡಿದ. ತಂಗಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಹೂವು ಕಾಣ್ತಿದೆ," ಎಂದ ಹಿರಿಯ. "ಮೊದಲು ಇದರಲ್ಲಿ ಏನು ಬರೆದಿತ್ತು, ಹೇಳು."

ಕಂಚುಗಾರನ ಕಣ್ಣು ತಗಡಿನ ಮೂಲೆಯ ಮೇಲೆಯೇ ಇತ್ತು.

"ಯಾವ ಹೊಲ? ಯಾರ ಹೆಸರು? ಕೇಳಿದ್ದು ಬೇಡ, ನೀನೇ ಓದಿದ್ದು ಹೇಳು."

"ಗೊತ್ತಿಲ್ಲ ಸ್ವಾಮಿ. ನಂಗೆ ಓದೋಕೆ ಬರಲ್ಲ."

"ಕೊರೆದವನು ನೀನೇ ಅಂತೀಯ. ಮತ್ತೆ ನಿಂಗೆ ಗೊತ್ತಿರೋದೇನು?"

"ಹೂವಿತ್ತು ಸ್ವಾಮಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೂವಿನಿಂದ ಹೊಲ ಯಾರದೆಂದು ತಿಳಿಯುವುದಿಲ್ಲ ಎಂದ ಹಿರಿಯ. ಅವನು ಕೆಟ್ಟವನಲ್ಲ, ಆ ಮಾತನ್ನು ನೆಲ ನೋಡಿಕೊಂಡು ಹೇಳಿದ. ಅರಸರ ದಾನಪತ್ರವನ್ನು ತಾನೇ ಬಡಿದು ಅಳಿಸಿದ್ದಾಗಿ ಕಂಚುಗಾರ ಎಲ್ಲರೆದುರು ಒಪ್ಪಿಕೊಂಡಿದ್ದಾನೆ, ಬರೆದುಕೊಳ್ಳಿ ಎಂದು ಕರಣಿಕ ಮೆಲ್ಲಗೆ ನೆನಪಿಸಿದ. ಬರೆದುಕೊಂಡರು. ಹನ್ನೆರಡೂ ಉಳಿ ಕಸಿದುಕೊಂಡರು, ಇನ್ನು ಕಚೇರಿಯ ಹೊಸಿಲು ತುಳಿಯಕೂಡದೆಂದರು. ಬೇರೊಬ್ಬ ಕಂಚುಗಾರನನ್ನು ಕರೆಸಿ, ಅಲ್ಲಿಯೇ ಆ ಮೂಲೆಗೆ ಎರಡು ಪೆಟ್ಟು ಹಾಕಿಸಿದರು.

ಅಣ್ಣ ತಂಗಿ ಇಬ್ಬರೂ ಬೀದಿಯಲ್ಲಿ ನಡೆದು ಬಂದರು. ಅವಳು ಬೈದುಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಕೆರೆಯ ತಿರುವಿನಲ್ಲಿ ನಿಂತು, ಹೊಲದಲ್ಲಿ ಬೇರೆಯವರು ಕಟ್ಟುತ್ತಿದ್ದ ಪೈರಿನ ಕಟ್ಟುಗಳನ್ನು ನೋಡಿದಳು.

"ಅಣ್ಣಾ, ಅದರಲ್ಲಿ ಅವರ ಹೆಸರು ಹಾಕಿದ್ರಾ?"

ಗಂಡನ ಹೆಸರು. ಕೊರೆದ ಕೈಗೆ ಗೊತ್ತಿರಲಿಲ್ಲ.

"ಹಾಕಿದ್ರು."

"ಎಲ್ಲಿ?"

ಅವನು ಎಡ ಅಂಗೈಯನ್ನು ತಗಡಿನಂತೆ ಅಗಲವಾಗಿ ಹಿಡಿದ. ಬಲಗೈಯ ಬೆರಳನ್ನು ಒಂದು ಕ್ಷಣ ಅದರ ಮೇಲೆ ಆಡಿಸಿ, ನಡುವೆ ಒಂದು ಕಡೆ ಇಟ್ಟು, "ಇಲ್ಲಿ," ಎಂದ. ತಂಗಿ ಆ ಜಾಗವನ್ನೇ ನೋಡುತ್ತ ನಿಂತಳು.